ಪ್ರೊಸೆಸರ್ ಮೇಲೆ ತಪ್ಪು ಹೊರಿಸುವ ಮೊದಲು

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ತಂತ್ರಜ್ಞಾನ ಪುಟವನ್ನು ತಪ್ಪದೆ ಓದುತ್ತೇನೆ. ಹೊಸ ಫೋನು, ಹೊಸ ಲ್ಯಾಪ್‌ಟಾಪು, ಹೊಸ ಚಿಪ್ಪು ಎಲ್ಲ ಬರುತ್ತವೆ. ಮನೆಯಲ್ಲಿರುವ ಹಳೇ ಕಂಪ್ಯೂಟರಿಗೆ ದುಡ್ಡು ಹಾಕಬೇಕಾ, ಬೇಡವಾ ಅನ್ನುವುದು ಮಾತ್ರ ಬರುವುದಿಲ್ಲ. ಕೈಯಲ್ಲಿ ಜಾಸ್ತಿ ದುಡ್ಡಿಲ್ಲದವರಿಗೆ ಬೇಕಿರುವುದು ಅದೇ ಅಲ್ವಾ? ನನಗಾದದ್ದನ್ನು ಬರೆಯುತ್ತೇನೆ.

ನಾನು ಮನೆಯಲ್ಲೇ ಡಿಟಿಪಿ ಕೆಲಸ ಮಾಡುವವಳು. 2014ರಲ್ಲಿ ಜೋಡಿಸಿದ ಡೆಸ್ಕ್‌ಟಾಪ್ ನನ್ನದು. ಇಂಟೆಲ್ ಐ3-4130 ಪ್ರೊಸೆಸರ್, 4 ಜಿಬಿ ರ‍್ಯಾಮ್, ಒಂದು ಹಾರ್ಡ್ ಡಿಸ್ಕ್. ಕೊನೆಕೊನೆಗೆ ಸ್ವಿಚ್ ಹಾಕಿ ಮುಖ ತೊಳೆದು ಬಂದರೂ ಪರದೆ ಮೇಲೆ ಚುಕ್ಕಿಗಳು ಸುತ್ತುತ್ತಲೇ ಇರುತ್ತಿದ್ದವು. ತಮ್ಮ ನೋಡಿದವನೇ ತೀರ್ಪು ಕೊಟ್ಟ: "ಪ್ರೊಸೆಸರ್ ಮುದಿಯಾಗಿದೆ ಅಕ್ಕಾ. ಸೆಕೆಂಡ್ ಹ್ಯಾಂಡ್ ಐ7-4770 ತಗೋ. ಅದೇ ಸಾಕೆಟ್, ಕೂರಿಸಿದರೆ ಆಯ್ತು." ಅವನ ಮಾತಲ್ಲಿ ಸುಳ್ಳಿಲ್ಲ. ಎರಡೂ 2013ರಲ್ಲಿ ಬಂದ ನಾಲ್ಕನೇ ತಲೆಮಾರಿನವು, ಎರಡೂ ಎಲ್‌ಜಿಎ 1150 ಸಾಕೆಟ್ಟಿನವು, ಅಂದರೆ ಮದರ್‌ಬೋರ್ಡಿನಲ್ಲಿ ಒಂದೇ ಬಗೆಯ ಗೂಡಿಗೆ ಕೂರುವಂಥವು. ಐ3ಗೆ 2 ಕೋರ್ (ಲೆಕ್ಕ ಮಾಡುವ ಭಾಗ), ಐ7ಗೆ 4. ನಾನು ದುಡ್ಡು ಎತ್ತಿಟ್ಟೂ ಆಗಿತ್ತು.

ಅದಕ್ಕೆ ಮುಂಚೆ ಸುಮ್ನೆ ಒಂದು ಸಲ ನೋಡೋಣ ಅಂತ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದೆ. ಯಾವ ಭಾಗ ಎಷ್ಟು ದುಡಿಯುತ್ತಿದೆ ಅಂತ ತೋರಿಸುವ ಟಾಸ್ಕ್ ಮ್ಯಾನೇಜರ್ ತೆರೆಯಿತು. ನೂರಿಪ್ಪತ್ತು ಪುಟದ ಒಂದು ಫೈಲ್ ತೆರೆಯಲು ಬಿಟ್ಟು ಅಂಕಿಗಳನ್ನೇ ನೋಡುತ್ತ ಕೂತೆ. ಸಿಪಿಯು, ಅಂದರೆ ಪ್ರೊಸೆಸರ್, 18%. ಮೆಮೊರಿ, ಅಂದರೆ ರ‍್ಯಾಮ್, 93%. ಡಿಸ್ಕ್ 100%, ಅಲ್ಲಿಂದ ಇಳಿಯಲೇ ಇಲ್ಲ. ನಾವು ಮುದುಕ ಅಂತ ಬೈಯುತ್ತಿದ್ದ ಪ್ರೊಸೆಸರ್ ಪಾಪ, ಕೆಲಸವಿಲ್ಲದೆ ಕೈಕಟ್ಟಿ ಕೂತಿತ್ತು! ರ‍್ಯಾಮ್ ಸಾಲದೆ ವಿಂಡೋಸ್ ಹೆಚ್ಚಾದದ್ದನ್ನೆಲ್ಲ ಡಿಸ್ಕಿಗೆ ತುಂಬುತ್ತಿತ್ತು, ಡಿಸ್ಕ್ ಏದುಸಿರು ಬಿಡುತ್ತಿತ್ತು. ಐ7 ತಂದಿದ್ದರೆ ಅದೂ ಹಾಗೇ ಕೈಕಟ್ಟಿ ಕೂರುತ್ತಿತ್ತು.

ಆ ದುಡ್ಡಿನಲ್ಲಿ ಎಸ್‌ಎಸ್‌ಡಿ (ಹಾರ್ಡ್ ಡಿಸ್ಕಿನ ಬದಲು ಹಾಕುವ, ಚಿಪ್ಪಿನಲ್ಲೇ ಫೈಲು ಇಡುವ ಡ್ರೈವ್) ಮತ್ತು ಇನ್ನೊಂದು 4 ಜಿಬಿ ರ‍್ಯಾಮ್ ತಂದೆ. ಸಾಟಾ (ಹಾರ್ಡ್ ಡಿಸ್ಕಿನದೇ ಕನೆಕ್ಟರಿನ) ಎಸ್‌ಎಸ್‌ಡಿ ಸೆಕೆಂಡಿಗೆ 500 ಎಂಬಿ ದಾಟಿ ಓದುತ್ತದೆ. ನನ್ನ ಹಾರ್ಡ್ ಡಿಸ್ಕ್ 150 ಮುಟ್ಟಿದರೆ ಹೆಚ್ಚು. ಅದಕ್ಕಿಂತ ವ್ಯತ್ಯಾಸ ಗೊತ್ತಾಗುವುದು ಸಣ್ಣಪುಟ್ಟ ಫೈಲುಗಳಲ್ಲಿ. ಹಾರ್ಡ್ ಡಿಸ್ಕಿನ ಮುಳ್ಳು ತಿರುಗುವ ತಟ್ಟೆಯ ಮೇಲೆ ಒಂದೊಂದಕ್ಕೂ ಅತ್ತಿಂದಿತ್ತ ಓಡಬೇಕು. ಎಸ್‌ಎಸ್‌ಡಿಯಲ್ಲಿ ಓಡಾಡುವ ಭಾಗವೇ ಇಲ್ಲ. ಫಾಂಟುಗಳನ್ನು ಗುಡ್ಡೆ ಹಾಕಿಕೊಂಡಿರುವ ನನಗೆ ಇದು ಮೊದಲ ದಿನವೇ ಕಂಡಿತು. ಮುಖ ತೊಳೆಯುವಷ್ಟು ಪುರುಸೊತ್ತು ಈಗ ಸಿಗುವುದಿಲ್ಲ.

ಡಬ್ಬ ಬಿಚ್ಚಿದಾಗ ಇನ್ನೊಂದು ಕಂಡಿತು. ಫ್ಯಾನಿನ ಕೆಳಗೆ, ಪ್ರೊಸೆಸರಿನ ಕಾವು ಎಳೆದುಕೊಳ್ಳುವ ಹೀಟ್‌ಸಿಂಕಿನ ಸಂದಿಗಳಲ್ಲಿ ಧೂಳು ಕಂಬಳಿಯ ಹಾಗೆ ಹೆಣೆದುಕೊಂಡಿತ್ತು. ಅದಕ್ಕೂ ಪ್ರೊಸೆಸರಿಗೂ ನಡುವೆ ಹಚ್ಚುವ ಥರ್ಮಲ್ ಪೇಸ್ಟ್ ಒಣಗಿ ಸುಣ್ಣದ ಪುಡಿಯಾಗಿತ್ತು. ಕಾವು ವಿಪರೀತ ಏರಿದರೆ ಪ್ರೊಸೆಸರ್ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಬ್ರಶ್ ಆಡಿಸಿ, ಹೊಸ ಪೇಸ್ಟ್ ಹಚ್ಚಿ ಮುಚ್ಚಿದೆ. ಇದಕ್ಕೆ ಖರ್ಚು ಅನ್ನುವಂಥದ್ದೇನೂ ಇಲ್ಲ.

ಇಷ್ಟಾದ ಮೇಲೆ ಮಗಳು ವಿಡಿಯೊ ಎಡಿಟಿಂಗ್ ಶುರು ಮಾಡಿದಳು. ಹತ್ತು ನಿಮಿಷದ ವಿಡಿಯೊ ಎಕ್ಸ್‌ಪೋರ್ಟ್ ಆಗಲು ಮುಕ್ಕಾಲು ಗಂಟೆ. ಮತ್ತೆ ಟಾಸ್ಕ್ ಮ್ಯಾನೇಜರ್ ನೋಡಿದೆ. ಸಿಪಿಯು 100%, ಡಿಸ್ಕ್ ಆರಾಮ. "ಆವತ್ತೇ ಹೇಳಿರಲಿಲ್ವಾ?" ಅಂದ ತಮ್ಮ. ಈ ಸಲ ಅವನು ಹೇಳಿದ್ದು ಸರಿ. ಆದರೂ ನಾನು ಕೊಳ್ಳಲಿಲ್ಲ.

ಯಾಕೆಂದರೆ ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಕೇಳುವುದು ಇಂಟೆಲ್‌ನ ಎಂಟನೇ ತಲೆಮಾರು ಅಥವಾ ಅದರ ನಂತರದ್ದನ್ನು. ನಾಲ್ಕನೇ ತಲೆಮಾರಿನ ಐ7 ಎಷ್ಟೇ ಗಟ್ಟಿಯಾಗಿರಲಿ, ಆ ಪಟ್ಟಿಯಲ್ಲಿ ಇಲ್ಲ. ಲಿನಕ್ಸ್ ಹಾಕುವವರಿಗೆ ಈ ತಲೆನೋವಿಲ್ಲ, ಆದರೆ ನನ್ನ ಡಿಟಿಪಿ ಸಾಫ್ಟ್‌ವೇರ್ ಅದರಲ್ಲಿ ಓಡುವುದಿಲ್ಲ. ಎಸ್‌ಎಸ್‌ಡಿಯನ್ನಾದರೆ ನಾಳೆ ಹೊಸ ಮೆಷಿನ್ನಿಗೆ ಕಳಚಿ ಹಾಕಬಹುದು. 1150 ಸಾಕೆಟ್ಟಿನ ಪ್ರೊಸೆಸರನ್ನು ಎಲ್ಲಿ ಹಾಕಲಿ? (ನಾನು ತಂದ ಹಳೇ ಬಗೆಯ, ಡಿಡಿಆರ್3 ರ‍್ಯಾಮೂ ಹಾಗೇ, ಹೊಸ ಬೋರ್ಡಿಗೆ ಕೂರುವುದಿಲ್ಲ. ಅದು ಹೋದ ದುಡ್ಡೇ ಅಂತ ಒಪ್ಪಿಕೊಳ್ಳುತ್ತೇನೆ.)

ಎಲ್ಲರಿಗೂ ಹೀಗೇ ಆಗಬೇಕೆಂದಿಲ್ಲ. ನನ್ನ ಗೆಳತಿಯದು ಎಎಂಡಿಯ ಎಎಂ4 ಸಾಕೆಟ್, 2017ರ ರೈಜನ್ 3 1200 ಪ್ರೊಸೆಸರ್. ಅವಳು ಬಯಾಸ್ (ಬೋರ್ಡಿನೊಳಗಿನ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿ ಅದೇ ಬೋರ್ಡಿನಲ್ಲಿ ರೈಜನ್ 5 5600 ಕೂರಿಸಿದಳು. ಈಗ ವಿಂಡೋಸ್ 11 ಓಡುತ್ತಿದೆ. ಅವಳ ಮಟ್ಟಿಗೆ ಪ್ರೊಸೆಸರ್ ಬದಲಾಯಿಸಿದ್ದೇ ಸರಿ. ಅವಳನ್ನು ನೋಡಿ ಅವಳ ಅಣ್ಣ ಮೋಸಹೋದ. ಅವನದು ಆರನೇ ತಲೆಮಾರಿನ ಇಂಟೆಲ್ ಬೋರ್ಡ್. ಸಾಕೆಟ್ ಎಲ್‌ಜಿಎ 1151 ಅಂತ ನೋಡಿ ಎಂಟನೇ ತಲೆಮಾರಿನ ಐ5 ತಂದ. ಅದೂ 1151ಏ. ಚಿಪ್ ನೆಟ್ಟಗೆ ಕೂತಿತು, ಮೆಷಿನ್ ಏಳಲಿಲ್ಲ. ಪಿನ್ ಲೆಕ್ಕ ಒಂದೇ ಆದರೂ ಎಂಟನೆಯದಕ್ಕೆ 300 ಸರಣಿಯ ಚಿಪ್‌ಸೆಟ್ (ಬೋರ್ಡಿನ ನಿಯಂತ್ರಕ ಚಿಪ್ಪು) ಇರುವ ಬೋರ್ಡ್ ಬೇಕು. ಬೋರ್ಡ್ ಮಾಡಿದವರ ಪಟ್ಟಿಯಲ್ಲಿ ಆ ಪ್ರೊಸೆಸರಿನ ಹೆಸರು ಇದೆಯಾ ಅಂತ ಒಮ್ಮೆ ನೋಡಿದ್ದರೆ ಸಾಕಿತ್ತು.

ನಿಮ್ಮ ತಂತ್ರಜ್ಞಾನ ಪುಟದಲ್ಲಿ ಇಂಥದ್ದಕ್ಕೂ ತಿಂಗಳಿಗೊಂದು ಮೂಲೆ ಕೊಡಿ. ಸದ್ಯಕ್ಕೆ ಮಗಳು ಮಲಗುವ ಮುಂಚೆ ವಿಡಿಯೊ ಎಕ್ಸ್‌ಪೋರ್ಟಿಗೆ ಹಾಕುತ್ತಾಳೆ. ಎತ್ತಿಟ್ಟ ದುಡ್ಡಿನಲ್ಲಿ ಉಳಿದದ್ದು ಹೊಸ ಮೆಷಿನ್ನಿನ ಲೆಕ್ಕಕ್ಕೆ ಹೋಗಿದೆ.

ಇಂತಿ,
ಮನೆಯಲ್ಲೇ ಡಿಟಿಪಿ ಮಾಡುವ ಒಬ್ಬ ಓದುಗಳು