ಆ ಆಕ್ಸಿಜನ್ ಘಟಕದ ಬೀಗ ತೆಗೆಸಿ: ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ,

ನಮಸ್ಕಾರ. ನಾನು ಚಿಕ್ಕಮಗಳೂರು ಜಿಲ್ಲೆಯವನು, ನಿಮ್ಮ ಕ್ಷೇತ್ರದ ಮತದಾರ. ನಮ್ಮ ತಾಲೂಕು ಆಸ್ಪತ್ರೆಯ ಹಿಂದೆ ಕೊರೊನಾ ಎರಡನೇ ಅಲೆ ಆದಮೇಲೆ ಕೂರಿಸಿದ ಆಕ್ಸಿಜನ್ ಘಟಕದ ಕತೆ ನಿಮಗೆ ಗೊತ್ತೇ ಇದೆ. ಅದಕ್ಕೆ ಬೀಗ ಬಿದ್ದು ವರ್ಷಗಳಾದವು. ಅರ್ಜಿ ಕೊಟ್ಟಾಯ್ತು, ಆಫೀಸು ಅಲೆದಾಯ್ತು. "ಆಪರೇಟರ್ ಇಲ್ಲ" ಅನ್ನೋದೊಂದೇ ಉತ್ತರ. ದಯವಿಟ್ಟು ಆ ಬೀಗ ತೆಗೆಸಿ.

ಕಳೆದ ಮಳೆಗಾಲದಲ್ಲಿ ಒಂದು ರಾತ್ರಿ ಅಮ್ಮನಿಗೆ ಉಸಿರಾಟದ ತೊಂದರೆ ಜಾಸ್ತಿಯಾಯಿತು. ಆಸ್ಪತ್ರೆಗೆ ಸೇರಿಸಿದೆವು. ಇದ್ದ ಸಿಲಿಂಡರಿನ ಮುಳ್ಳು ಆಗಲೇ ಕೆಂಪು ಗೆರೆಗೆ ಬಂದಿತ್ತು. ಇನ್ನೊಂದು ಬೇಕಾದರೆ ಹೊರಗಿನಿಂದ ಬರಬೇಕು, ದಾರಿಯಲ್ಲಿ ಮರ ಬಿದ್ದಿದೆ ಅಂದರು. ಪಾಪ, ನರ್ಸಮ್ಮ ಇನ್ನೇನು ಮಾಡ್ತಾರೆ? ಫೋನ್ ಮೇಲೆ ಫೋನ್ ಮಾಡುತ್ತಲೇ ಇದ್ದರು. ಬೆಳಗಿನ ಜಾವ ಸಿಲಿಂಡರ್ ಬಂತು, ಅಮ್ಮ ಉಳಿದರು. ಅವರ ಮಂಚದ ಪಕ್ಕದ ಕಿಟಕಿಯಿಂದ ನೋಡಿದರೆ ಏನು ಕಾಣುತ್ತೆ ಗೊತ್ತಾ? ಅದೇ ಘಟಕದ ಶೆಡ್ಡು. ಒಳಗೆ ಕಾಲು ಮುರಿದ ಮಂಚಗಳು, ತುಕ್ಕು ಹಿಡಿದ ಡ್ರಿಪ್ ಸ್ಟ್ಯಾಂಡುಗಳು. ಹೊರಗೆ ಉದ್ಘಾಟನೆಯ ಕಲ್ಲು ಮಾತ್ರ ಫಳಫಳ ಅಂತಿದೆ. ಗಣ್ಯರ ಹೆಸರುಗಳಿಗೆ ಹೊಸದಾಗಿ ಬಣ್ಣ ತುಂಬಿದ್ದಾರೆ. ಆ ಕೆಲಸಕ್ಕೆ ಆಪರೇಟರ್ ಸಿಕ್ಕಿದ್ದಾರೆ, ಸಂತೋಷ.

"ಕೊರೊನಾನೇ ಹೋಯ್ತಲ್ಲ, ಇನ್ಯಾಕ್ರೀ ಅದು?" ಅಂತ ಒಬ್ಬ ಅಧಿಕಾರಿ ನನ್ನ ಮುಖಕ್ಕೇ ಕೇಳಿದರು.

ಈ ಮಾತು ನಾನು ಮೊದಲೂ ಕೇಳಿದ್ದೇನೆ. 1999ರಲ್ಲಿ ನಾನು ಬೆಂಗಳೂರಿನಲ್ಲಿ ವೈಟುಕೆ ಕೆಲಸ ಮಾಡಿದವನು. ಹಳೇ ಪ್ರೋಗ್ರಾಮುಗಳಲ್ಲಿ ಇಸವಿಗೆ ಎರಡೇ ಅಂಕಿ ಇರುತ್ತಿತ್ತು. 99 ಮುಗಿದು 00 ಬಂದರೆ ಕಂಪ್ಯೂಟರ್ ಅದನ್ನು 1900 ಅಂದುಕೊಳ್ಳುವ ಅಪಾಯ. ಕೋಬಾಲ್ ಅನ್ನೋ ಹಳೇ ಕಂಪ್ಯೂಟರ್ ಭಾಷೆಯಲ್ಲಿ ಬರೆದ ಸಾಲುಗಳನ್ನು ಹೆಕ್ಕಿ ಹೆಕ್ಕಿ ಸರಿ ಮಾಡಿದೆವು. 2000ದ ಜನವರಿ 1ರಂದು ದೊಡ್ಡ ಅನಾಹುತ ಏನೂ ಆಗಲಿಲ್ಲ. ಜನ ಏನಂದರು? "ಸುಮ್ನೆ ಹೆದರಿಸಿದ್ರು." ಆಗದೇ ಇದ್ದದ್ದು ಮೊದಲೇ ಕೆಲಸ ಮಾಡಿದ್ದಕ್ಕೇ ಅಲ್ವಾ ಸ್ವಾಮಿ? ಅಲ್ಲಿ ತಾರೀಕಾದರೂ ಗೊತ್ತಿತ್ತು. ರೋಗ ತಾರೀಕು ಹೇಳಿ ಬರೋದಿಲ್ಲ.

1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಜನ ಇಕ್ಕಟ್ಟಿನಲ್ಲಿ ಸಾಯಬಾರದು ಅಂತ ಬಸವನಗುಡಿ, ಮಲ್ಲೇಶ್ವರ ಕಟ್ಟಿದರು. ಪ್ಲೇಗ್ ಹೋಯ್ತು ಅಂತ ಯಾರೂ ಮಲ್ಲೇಶ್ವರಕ್ಕೆ ಬೀಗ ಹಾಕಲಿಲ್ಲ. ಪಕ್ಕದ ಶಿವಮೊಗ್ಗದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ಮಂಗನ ಕಾಯಿಲೆ ಇವತ್ತಿಗೂ ಹೋಗಿಲ್ಲ. ಬೇಸಿಗೆ ಬಂದರೆ ಕಾಡಿಗೆ ದರಗು (ಒಣಗಿದ ಎಲೆ) ತರಲು ಹೋಗುವವರು ಆ ಕಾಯಿಲೆ ಹರಡುವ ಉಣುಗಿಗೆ ಹೆದರುತ್ತಾರೆ. ಹೋಯ್ತು ಅನ್ನೋ ಮಾತು ಮಲೆನಾಡಿನಲ್ಲಿ ಅಷ್ಟು ಸಲೀಸಲ್ಲ.

ಇನ್ನೊಂದು ವಿಷಯ. ಆ ಘಟಕದಲ್ಲಿ ಜಿಯೊಲೈಟ್ ಅನ್ನೋ ಹರಳುಗಳಿರುತ್ತವೆ. ಗಾಳಿಯ ನೈಟ್ರೋಜನ್ ಹಿಡಿದಿಟ್ಟುಕೊಂಡು ಆಮ್ಲಜನಕ ಬಿಡೋದು ಅವೇ. ತೇವ ತಾಗಿದರೆ ಅವು ಕೆಡುತ್ತವೆ. ನಮ್ಮ ಮಳೆಯಲ್ಲಿ ನಿಲ್ಲಿಸಿಟ್ಟ ಯಂತ್ರದ ಗತಿ ಏನು ಅಂತ ನಿಮಗೆ ಬಿಡಿಸಿ ಹೇಳಬೇಕೇ?

ಒಬ್ಬ ಆಪರೇಟರ್ ಕೊಡಿ. ಕರೆಂಟು ಹೋದಾಗಲೂ ನಡೆಯೋ ಹಾಗೆ ಜನರೇಟರಿಗೆ ಡೀಸೆಲ್ ಕೊಡಿ. ಮಂಚಗಳನ್ನು ಹೊರಗೆ ಹಾಕಿಸಿ. ನನ್ನ ಪತ್ರಕ್ಕೆ ಉತ್ತರ ಬರೆಯದಿದ್ದರೂ ಚಿಂತೆಯಿಲ್ಲ. ಈ ಮುಂಗಾರಿಗೆ ಮೊದಲು ಬೀಗ ತೆಗೆಸಿ.

ಇತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರ