ಶನಿವಾರದ ಊಟ: ಮೇಜಿನ ಅಲಂಕಾರ ಮತ್ತು ಹೆಸರಿನ ಕಾರ್ಡುಗಳು

ಎಲ್ಲರಿಗೂ ನಮಸ್ಕಾರ. ಶನಿವಾರ ರಾತ್ರಿಯ ರಾಜ್ಯೋತ್ಸವದ ಊಟಕ್ಕೆ ಇಳಕಲ್ ಸೀರೆಯದ್ದೇ ಥೀಮ್. ಕೆಂಪು ಸೆರಗು, ಅದರಲ್ಲಿ ಬಿಳಿ ತೆನೆ, ಜೊತೆಗೆ ಬಾಳೆಲೆಯ ಹಸಿರು. ಇಷ್ಟೇ ಸಾಕು, ಬೇರೆ ಬಣ್ಣ ಬೇಡ. ಹಳೆಯ ಸೀರೆ ಇದ್ದವರು ದಯವಿಟ್ಟು ತನ್ನಿ. ಯಾವುದನ್ನೂ ಕತ್ತರಿಸುವುದಿಲ್ಲ. ಉದ್ದಕ್ಕೆ ಮಡಚಿ ಮೇಜಿನ ನಡುವೆ ಹಾಸಿ, ಸೆರಗನ್ನು ಒಂದು ತುದಿಯಲ್ಲಿ ಇಳಿಬಿಡೋಣ.

ಹೆಸರಿನ ಕಾರ್ಡುಗಳನ್ನು ಕೈಯಲ್ಲೇ ಬರೆಯೋಣ, ಪ್ರಿಂಟ್ ಖಂಡಿತ ಬೇಡ. ಬಂದವರಿಗೆ ತಮ್ಮ ಹೆಸರನ್ನು ಯಾರೋ ಕೂತು ಬರೆದಿದ್ದಾರೆ ಅಂತ ಅನ್ನಿಸಬೇಕು. ದಪ್ಪ ಶೀಟು, ಚಪ್ಪಟೆ ತುದಿಯ ಪೆನ್ನು ತನ್ನಿ. ಕನ್ನಡದಲ್ಲಿ ಒತ್ತಕ್ಷರಕ್ಕೆ ಜಾಗ ಬಿಡುವುದೇ ದೊಡ್ಡ ಕೆಲಸ. ‘ಲಕ್ಷ್ಮಿ’ ಅಂತ ಕಾರ್ಡಿನ ಸರಿ ನಡುವೆ ಬರೆದರೆ ಕೆಳಗಿನ ಒತ್ತುಗಳು ಅಂಚಿಗೆ ತಾಗಿಬಿಡುತ್ತವೆ. ಹಾಗಾಗಿ ಪೆನ್ಸಿಲ್ ಗೆರೆಯನ್ನು ನಡುವಿಗಿಂತ ತುಸು ಮೇಲೆ ಎಳೆದುಕೊಳ್ಳಿ, ಶಾಯಿ ಪೂರ್ತಿ ಒಣಗಿದ ಮೇಲಷ್ಟೇ ಅಳಿಸಿ. ಮೂಲೆಯಲ್ಲಿ ಕಸೂತಿಯ ಪುಟ್ಟ ಗೋಪುರ ಬಿಡಿಸಿದರೆ ಬಹಳ ಚೆಂದ. ಮೊದಲು ಚೌಕುಳಿ ಹಾಳೆಯಲ್ಲಿ ಅಭ್ಯಾಸ ಮಾಡಿ.

ಹೂವು ಗಿಡ್ಡ ಬಟ್ಟಲಲ್ಲಿರಲಿ, ಎದುರು ಕೂತವರ ಮುಖ ಕಾಣಬೇಕು. ಮಲ್ಲಿಗೆ, ಸುಗಂಧರಾಜ ಮೇಜಿನ ಮೇಲೆ ಬೇಡ, ಸಾರಿನ ಘಮ ಮುಚ್ಚಿಹೋಗುತ್ತದೆ. ಎಲೆಯ ತುದಿ ಉಣ್ಣುವವರ ಎಡಕ್ಕೆ ಬರಲಿ, ಕಾರ್ಡು ಎಲೆಯ ಮೇಲಂಚಿನಾಚೆ ಇರಲಿ. ಎಲೆಯ ಮೇಲೇ ಇಟ್ಟರೆ ನೀರು ತಾಗಿ ಅಕ್ಷರ ಹರಡುತ್ತದೆ.

ನಿಮ್ಮ ಜೊತೆ ಬರುವವರ ಹೆಸರನ್ನು ಗುರುವಾರ ಸಂಜೆಯೊಳಗೆ ಇಲ್ಲಿ ಕನ್ನಡದಲ್ಲೇ ಟೈಪ್ ಮಾಡಿ ಹಾಕಿ. ಇಂಗ್ಲಿಷ್ ಅಕ್ಷರದಲ್ಲಿ ಕಳಿಸಿದರೆ ದೀರ್ಘವೋ ಹ್ರಸ್ವವೋ ಗೊತ್ತಾಗುವುದಿಲ್ಲ.