ಮೊದಲು ತೋಟಕ್ಕೆ ಇಳಿದು ನೋಡು

ಪುಟ್ಟಿ,

ಬೆಂಗಳೂರಿನ ಕೆಲಸ ಬಿಟ್ಟು ತೋಟ ನೋಡಿಕೊಳ್ಳುತ್ತೇನೆ ಅಂದಿದ್ದಕ್ಕೆ ನಿನ್ನಪ್ಪ "ವಾಸ್ತವ ಅರ್ಥ ಮಾಡ್ಕೋ" ಅಂತ ಬೈದನಂತೆ. ಅವನ ವಾಸ್ತವ ಏನು? ಆಳು ಸಿಗುವುದಿಲ್ಲ, ಆನೆ ಕಾಟ, ಕಾಫಿ ಕಾಲ ಮುಗಿಯಿತು. ನೀನೋ, ರೋಬಸ್ಟಾ ಕಾಫಿಯ ಚೆರಿ, ಅಂದರೆ ಒಣಗಿಸಿದ ಹಣ್ಣು, ಐವತ್ತು ಕೆಜಿ ಮೂಟೆಗೆ 2024ರಲ್ಲಿ ಹತ್ತು ಸಾವಿರ ರೂಪಾಯಿ ದಾಟಿದ್ದ ರೇಟು ಹಿಡಿದು ಮುಂದಿನ ಹತ್ತು ವರ್ಷದ ಲೆಕ್ಕ ಹಾಕಿದ್ದೀಯ. ಇಬ್ಬರೂ ತೋಟಕ್ಕೆ ಇಳಿದಿಲ್ಲ. ಆಗಲ್ಲ ಅನ್ನುವವನೇ ವಾಸ್ತವವಾದಿ ಅಂತ ಜನ ಯಾಕೆ ನಂಬುತ್ತಾರೋ, ನಾನಂತೂ ಒಪ್ಪುವುದಿಲ್ಲ. ಕಣ್ಣಲ್ಲಿ ನೋಡದೆ ಹೆದರುವುದೂ ಸುಮ್ನೆ ಆಸೆ ಪಟ್ಟ ಹಾಗೇ ಅಲ್ವಾ?

ರೇಟು ನಮ್ಮ ಕೈಯಲ್ಲಿಲ್ಲ, ಅದನ್ನು ಬಿಡು. ವಿಯೆಟ್ನಾಂನಲ್ಲಿ ಮಳೆ ಕೈಕೊಟ್ಟರೆ ಲಂಡನ್ ಮಾರುಕಟ್ಟೆಯಲ್ಲಿ ರೇಟು ಏರುತ್ತದೆ, ಅಲ್ಲಿ ಫಸಲು ಜಾಸ್ತಿಯಾದರೆ ಇಳಿಯುತ್ತದೆ. 2000ದ ನಂತರ ರೇಟು ಕುಸಿದ ಆ ಕೆಟ್ಟ ವರ್ಷಗಳನ್ನು ನಿನ್ನಪ್ಪನೂ ಕಂಡಿದ್ದಾನೆ, ಅವನ ಹೆದರಿಕೆ ಅಲ್ಲಿಂದಲೇ ಬಂದದ್ದು.

ನಮ್ಮ ಕೈಗೆ ಸಿಗುವುದು ನೀರು. ಕುಯ್ಲು ಮುಗಿದ ಮೇಲೆ, ಫೆಬ್ರವರಿ-ಮಾರ್ಚಿನಲ್ಲಿ, ಒಂದಿಂಚು ಹೂಮಳೆ ಬಿದ್ದರೆ ಎಂಟು-ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತದೆ, ಫೋಟೋ ತೆಗೆಯಲು ಎಲ್ಲರೂ ಬರುತ್ತಾರೆ. ಆಮೇಲೆ ಇಪ್ಪತ್ತು ದಿನದ ಆಸುಪಾಸಿನಲ್ಲಿ ಇನ್ನೊಂದು ಮಳೆ ಬೇಕು, ಇಲ್ಲದಿದ್ದರೆ ಕಾಯಿ ಸರಿಯಾಗಿ ಕಚ್ಚುವುದಿಲ್ಲ. ಬರೀ ಹತ್ತಿಪ್ಪತ್ತು ಸೆಂಟ್ (ನೂರು ಸೆಂಟ್ ಅಂದರೆ ಒಂದಿಂಚು ಮಳೆ) ಬಿದ್ದು ನಿಂತರೆ ಇನ್ನೂ ಕಷ್ಟ, ಮೊಗ್ಗು ಪೂರ್ತಿ ಅರಳದೆ ಹಾಳಾಗುತ್ತದೆ. ಆಗ ಸ್ಪ್ರಿಂಕ್ಲರ್ ಹಾಕಲೇಬೇಕು. ನಮ್ಮ ಕೆರೆಯಲ್ಲಿ ಮಾರ್ಚ್ ಹೊತ್ತಿಗೆ ಎಷ್ಟು ನೀರಿರುತ್ತದೆ, ಎಷ್ಟು ಎಕರೆಗೆ ಸಾಲುತ್ತದೆ, ಹೂಳು ತೆಗೆಸಲು ಎಷ್ಟು ಬೇಕು? ನಿನ್ನ ಲೆಕ್ಕದ ಹಾಳೆಯಲ್ಲಿ ಇದೊಂದೂ ಇಲ್ಲ ಮಗಳೇ.

2018ರ ಆಗಸ್ಟ್‌ನಲ್ಲಿ ಕೊಡಗಿನ ಮಕ್ಕಂದೂರು ಕಡೆ ಗುಡ್ಡದ ಬರೆ ಕುಸಿದಾಗ ನಮ್ಮ ಪರಿಚಯದವರೊಬ್ಬರ ಅರ್ಧ ತೋಟ ಹೋಯಿತು. ಮಾರಿಬಿಡು ಅಂದರು ಕೆಲವರು, ಎಲ್ಲ ಮೊದಲಿನ ಹಾಗೇ ಆಗುತ್ತದೆ ಅಂದರು ಇನ್ನು ಕೆಲವರು. ಅವರು ಮಾತ್ರ ಮಳೆ ನಿಂತ ಮೇಲೆ ಉಳಿದ ಜಾಗವನ್ನೆಲ್ಲ ನಡೆದು ನೋಡಿದರು. ಒರತೆ ಏಳುವ ಇಳಿಜಾರನ್ನು ಕಾಡಿಗೇ ಬಿಟ್ಟರು, ಗಟ್ಟಿ ನೆಲದಲ್ಲಷ್ಟೇ ಗಿಡ ಹಾಕಿದರು, ಮರಕ್ಕೆ ಕರಿಮೆಣಸು ಹಬ್ಬಿಸಿದರು. ಅವರ ಮೇಲೆ ನನಗೆ ಬಹಳ ಗೌರವ.

ಈಗಲೇ ರಾಜೀನಾಮೆ ಕೊಡಬೇಡ. ಜನವರಿಯಲ್ಲಿ ರಜೆ ಹಾಕಿ ಕುಯ್ಲಿಗೆ ಬಾ, ಆಳುಗಳ ಲೆಕ್ಕ ನೀನೇ ಬರಿ, ಕಣದಲ್ಲಿ ನಿಂತು ಮೂಟೆ ತೂಗಿಸು. ಸಾಧ್ಯವಾದರೆ ಹೂಮಳೆವರೆಗೂ ಇರು. ನಿನ್ನಪ್ಪನನ್ನೂ ಕರ್ಕೊಂಡು ಬಾ, ಅವನೂ ಆ ಕೆರೆ ನೋಡದೆ ತುಂಬ ವರ್ಷವಾಯಿತು.

ನಿನ್ನ ದೊಡ್ಡಪ್ಪ